ಗಂಡೋ ಹೆಣ್ಣೋ: ನಿರ್ಧಾರ ಯಾರದು?

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದರೆ, ದಯವಿಟ್ಟು ಇಬ್ಬರೂ ರೇಡಿಯೋದ ಹತ್ತಿರ ಬನ್ನಿ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಾಯಿಯಿಂದ ನಿರ್ಧಾರವಾಗುವುದಿಲ್ಲ, ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ನಮ್ಮ ಜೀವಕೋಶದಲ್ಲಿ ತಂದೆತಾಯಿಯ ಗುಣಗಳನ್ನು ಹೊತ್ತ 46 ವರ್ಣತಂತುಗಳು, ಅಂದರೆ 23 ಜೊತೆಗಳಿವೆ. ಅವುಗಳಲ್ಲಿ ಒಂದು ಜೊತೆ ಹೆಣ್ಣಿನಲ್ಲಿ ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ಅಂಡಾಣುವಾಗಲಿ ವೀರ್ಯಾಣುವಾಗಲಿ ರೂಪುಗೊಳ್ಳುವಾಗ ಜೊತೆ ಬೇರ್ಪಟ್ಟು ಒಂದೊಂದೇ ಉಳಿಯುವುದರಿಂದ, ಅಂಡಾಣುಗಳೆಲ್ಲವೂ ಎಕ್ಸ್ ಹೊತ್ತಿರುತ್ತವೆ; ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ವೈ ಹೊತ್ತ ವೀರ್ಯಾಣು ಅಂಡಾಣುವನ್ನು ಸೇರಿದರೆ ಗಂಡು, ಎಕ್ಸ್ ಹೊತ್ತದ್ದು ಸೇರಿದರೆ ಹೆಣ್ಣು. 1905ರಲ್ಲಿ ಅಮೆರಿಕದ ವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುವಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳೂ, ಗಂಡಿನಲ್ಲಿ 19 ದೊಡ್ಡವೂ ಒಂದು ಪುಟ್ಟದೂ ಕಂಡವು. ಆ ಪುಟ್ಟದ್ದೇ ವೈ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ರೇಷ್ಮೆ ಬಿತ್ತನೆ ಕೋಠಿಗೆ, ಅಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಜಾಗಕ್ಕೆ, ಹೋಗಿದ್ದೆ. ಅಲ್ಲಿ ಒಬ್ಬ ಹೆಣ್ಣುಮಗಳು ಗೂಡು ಕತ್ತರಿಸಿ ತೆಗೆದ ಪ್ಯೂಪಾಗಳನ್ನು, ಅಂದರೆ ಇನ್ನೂ ಚಿಟ್ಟೆಯಾಗದ ಹುಳುಗಳನ್ನು, ಎರಡು ತಟ್ಟೆಗಳಿಗೆ ಬೇರ್ಪಡಿಸುತ್ತಿದ್ದಳು. ಹೊಟ್ಟೆಯ ಎಂಟನೆಯ ಖಂಡದಲ್ಲಿ ಗೆರೆ ಇದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆ ಇದ್ದರೆ ಗಂಡು. ನನ್ನ ವಿದ್ಯಾರ್ಥಿಗಳು ಭೂತಗನ್ನಡಿಯಲ್ಲಿ ತಡಕಾಡುತ್ತಿದ್ದರೆ, ಆಕೆ ಬೆರಳ ತುದಿಯಲ್ಲಿ ಒಮ್ಮೆ ಹೊರಳಿಸಿ ಹಾಕುತ್ತಿದ್ದಳು. "ಮೇಡಂ, ಇದರಲ್ಲಿ ಗಂಡು ಹೆಣ್ಣು ಆಗೋದು ಯಾರಿಂದ?" ಎಂದು ಕೇಳಿದಳು. "ತಾಯಿ ಚಿಟ್ಟೆಯಿಂದ" ಎಂದೆ. ಆಕೆಯ ಕೈ ನಿಂತಿತು. "ಹಂಗಾದ್ರೆ ನಮ್ಮತ್ತೆ ಹೇಳೋದೇ ಸರಿ. ನನಗೆ ಮೂರೂ ಹೆಣ್ಣು."

ಪಾಠ ಅಲ್ಲಿಗೇ ನಿಲ್ಲಿಸಿ ಆಕೆಯ ಪಕ್ಕ ಕುಳಿತೆ. ದ್ವಿತಳಿ ಎಂಬ ರೇಷ್ಮೆಹುಳುವಿನ ಎರಡು ಬಿಳಿ ಗೂಡುಗಳನ್ನು ಆಕೆಯ ಮಡಿಲಿಗೆ ಹಾಕಿ, ನನ್ನ ಕೈಯಲ್ಲಿ ಒಂದು ಬಿಳಿ ಗೂಡು, ಮೈಸೂರು ತಳಿಯ ಒಂದು ಹಳದಿ ಗೂಡು ಇಟ್ಟುಕೊಂಡೆ. "ನೀನು ತಾಯಿ, ನಾನು ತಂದೆ. ಬಿಳಿ ಅಂದರೆ ಎಕ್ಸ್, ಹಳದಿ ಅಂದರೆ ವೈ. ಹಳದಿ ಸೇರಿದರೆ ಗಂಡು. ಈಗ ನೀನು ಒಂದು ಗೂಡು ಕೊಡು" ಎಂದೆ. ಬಿಳಿ ಕೊಟ್ಟಳು. "ಇನ್ನೊಂದು ಸಲ ಕೊಡು" ಎಂದೆ. ಮತ್ತೆ ಬಿಳಿಯೇ. ಮಡಿಲನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿ, "ನನ್ನತ್ರ ಹಳದಿ ಇಲ್ವೇ ಇಲ್ಲ" ಎಂದಳು. ಹೌದು, ಇಲ್ಲವೇ ಇಲ್ಲ! ಇಲ್ಲದ್ದನ್ನು ಆಕೆ ಎಲ್ಲಿಂದ ತಂದು ಕೊಡಬೇಕು? ರೇಷ್ಮೆಹುಳುವಿನಲ್ಲಿ ಇದು ತಿರುಗುಮುರುಗು ಎಂದೂ ಹೇಳಿದೆ: ಗಂಡಿನಲ್ಲಿ ಝಡ್ ಝಡ್, ಹೆಣ್ಣಿನಲ್ಲಿ ಝಡ್ ಡಬ್ಲ್ಯೂ ಇರುವುದರಿಂದ ಅಲ್ಲಿ ನಿರ್ಧಾರ ತಾಯಿಯದು. ಹೊರಡುವಾಗ ಆಕೆ ಕೇಳಿದ್ದು ಒಂದೇ: "ಈ ನಾಕು ಗೂಡು ಮನೆಗೆ ತಗೊಂಡು ಹೋಗ್ಲಾ ಮೇಡಂ?"

ಹಾಗೆಂದು ತಂದೆಯನ್ನು ದೂರುವಂತೆಯೂ ಇಲ್ಲ, ಯಾವ ವೀರ್ಯಾಣು ಮುಂದೆ ಹೋಗಬೇಕೆಂದು ಅವನು ಆರಿಸುವುದಿಲ್ಲ. ಇಷ್ಟು ಸರಳವಾದ ಸಂಗತಿಗಾಗಿ ಇಂದಿಗೂ ಹೆಣ್ಣುಮಕ್ಕಳು ಮಾತು ಕೇಳಬೇಕಾಗಿದೆ ಎಂಬುದು ನನಗೆ ನಿಜಕ್ಕೂ ಸಹಿಸಲಾಗದ ವಿಷಯ.

ಸಮಯ ಮುಗಿಯುತ್ತಾ ಬಂತು. ಕೋಳಿಯಲ್ಲಿಯೂ ರೇಷ್ಮೆಹುಳುವಿನಂತೆಯೇ ತಾಯಿಯದೇ ನಿರ್ಧಾರ. ಜೇನಿನಲ್ಲಿ ಫಲಿತ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡು. ಹೊನ್ನಾವರದ ಕಡಲ ದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳಿಗೆ ಲಿಂಗ ವರ್ಣತಂತುಗಳೇ ಇಲ್ಲ; ಮರಳು ಬಿಸಿಯಿದ್ದರೆ ಹೆಣ್ಣು ಮರಿ, ತಂಪಿದ್ದರೆ ಗಂಡು. ನಮಸ್ಕಾರ.