ಮನೆಯ ಕಂಪ್ಯೂಟರ್‌ಗೆ ಎಷ್ಟು ಮೆಮೊರಿ ಬೇಕು

ಕೇಳುಗರೇ, ನಮಸ್ಕಾರ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ತಾಯಿಯೊಬ್ಬರು ಈಚೆಗೆ ನನ್ನನ್ನು ಮನೆಗೆ ಕರೆದು, ಕಂಪ್ಯೂಟರ್ ಕೊಳ್ಳುವ ವಿಚಾರ ಮುಂದಿಟ್ಟರು. "ಸರ್, ಅಂಗಡಿಯವರು 16 ಜಿಬಿ ತಗೋರಿ ಅಂತಾರ, ನಮ್ಮ ತಮ್ಮ 8 ಸಾಕು ಅಂತಾನ, ಮಗಳು 32 ಬೇಕಂತ ಹಟ ಹಿಡದಾಳ. ಯಾರ ಮಾತು ಖರೆ?" ಎಂಬುದು ಅವರ ಪ್ರಶ್ನೆ. ಮಗಳು ಎಂಜಿನಿಯರಿಂಗ್ ಓದಲು ಬೆಳಗಾವಿಗೆ ಹೊರಟಿದ್ದಳು; ಮನೆಯಲ್ಲಿ ಅವಳ ತಂದೆಯ ಲೆಕ್ಕಪತ್ರಕ್ಕೂ ಅವಳ ತಮ್ಮನ ಪಾಠಕ್ಕೂ ಒಂದು ಹಳೆಯ ಕಂಪ್ಯೂಟರ್ ಇತ್ತು. ಉತ್ತರ ಹೇಳುವ ಮೊದಲು ನಾನು ಕೇಳಿದ್ದು ಒಂದೇ: ಕೆಲಸ ಅತಿ ಹೆಚ್ಚಾಗಿರುವ ಹೊತ್ತಿನಲ್ಲಿ ಆ ಯಂತ್ರದಲ್ಲಿ ಏನೇನು ಒಟ್ಟಿಗೆ ತೆರೆದಿರುತ್ತದೆ? ಮೆಮೊರಿ ಎಷ್ಟು ಬೇಕೆಂಬುದನ್ನು ತೀರ್ಮಾನಿಸುವುದು ಈ ಪ್ರಶ್ನೆ. ಮನೆಯಲ್ಲಿ ಎಷ್ಟು ಫೋಟೊ, ಎಷ್ಟು ಕಡತ ಕೂಡಿಟ್ಟಿದ್ದೇವೆ ಎಂಬ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಎರಡನ್ನು ಬೆರೆಸಿ ಮಾತಾಡುವವರು ಬಹಳ. "ನಮ್ಮದರಲ್ಲಿ 500 ಜಿಬಿ ಮೆಮೊರಿ ಐತಿ, ಆದರೂ ನಿಧಾನ" ಎಂದು ಹೇಳುವವರು ಡಿಸ್ಕಿನ ಅಳತೆಯನ್ನು ಹೇಳುತ್ತಿರುತ್ತಾರೆ. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಅಟ್ಟದ ಮೇಲೆ ನೂಲು ಎಷ್ಟೇ ಇರಲಿ, ಮಗ್ಗಕ್ಕೆ ಏರಿಸಿದ ಹಾಸಿನಲ್ಲಿ ಮಾತ್ರ ನೇಯ್ಗೆ ನಡೆಯುತ್ತದೆ. ಡಿಸ್ಕ್ ಆ ಅಟ್ಟವಾದರೆ ಮೆಮೊರಿ, ಅಂದರೆ ರ‍್ಯಾಮ್, ಮಗ್ಗವಾಗುತ್ತದೆ. ಲೆಕ್ಕದ ಕೆಲಸ ಮಾಡುವ ಚಿಪ್, ಅಂದರೆ ಪ್ರೊಸೆಸರ್, ಬೇಡಿದ್ದನ್ನು ಮೆಮೊರಿಯು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿ ಒದಗಿಸುತ್ತದೆ. ಚಿಪ್‌ಗಳಿಂದಲೇ ಆದ ಹೊಸ ಬಗೆಯ ಡಿಸ್ಕ್, ಅಂದರೆ ಎಸ್‌ಎಸ್‌ಡಿಗೆ, ಅದೇ ಕೆಲಸಕ್ಕೆ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಬೇಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿಗೆ ನೂರರಲ್ಲೊಂದು ಪಾಲು ಬೇಕು. ಮೆಮೊರಿ ತುಂಬಿದಾಗ ವಿಂಡೋಸ್, ಸದ್ಯ ಬಳಕೆಯಲ್ಲಿಲ್ಲದ ಭಾಗವನ್ನು ಡಿಸ್ಕಿಗೆ ಸಾಗಿಸಿ, ಮತ್ತೆ ಬೇಕಾದಾಗ ಅಲ್ಲಿಂದ ತರುತ್ತದೆ. ಯಂತ್ರ ನಿಲ್ಲುವುದಿಲ್ಲ, ಆದರೆ ಹಾರ್ಡ್ ಡಿಸ್ಕ್ ಇದ್ದರೆ ಲಕ್ಷಪಟ್ಟು ನಿಧಾನವಾದ ಜಾಗಕ್ಕೆ ಓಡಾಡಬೇಕಾದ್ದರಿಂದ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿಯುತ್ತದೆ.

ಮೆಮೊರಿಯ ಒಳಗಿನ ರಚನೆ ಬಹಳ ಸರಳ. ಸ್ವಿಚ್ಚಿನಂಥ ಒಂದು ಟ್ರಾನ್ಸಿಸ್ಟರ್, ವಿದ್ಯುದಂಶ ತುಂಬಿಕೊಳ್ಳುವ ಒಂದು ಕೆಪಾಸಿಟರ್ ಸೇರಿ ಒಂದು ಬಿಟ್, ಅಂದರೆ 0 ಇಲ್ಲವೇ 1 ಎಂಬ ಒಂದು ಗುರುತನ್ನು, ಹಿಡಿದಿಡುತ್ತವೆ. ಈ ರಚನೆಗೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದರು. ಕೆಪಾಸಿಟರಿನ ವಿದ್ಯುದಂಶ ತಾನಾಗಿಯೇ ಸೋರಿಹೋಗುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬುತ್ತಿರಬೇಕು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ, ಉಳಿಸದೆ ಬಿಟ್ಟ ಪತ್ರ ಮಾಯವಾಗುವುದು ಈ ಕಾರಣದಿಂದ.

ಇನ್ನು ಅಳತೆಯ ವಿಚಾರ. ಕನ್ನಡ ಅಕ್ಷರಗಳಿಂದ ಮೆಮೊರಿ ತುಂಬುವುದಿಲ್ಲ. ಅಂತರಜಾಲದಲ್ಲಿ ರೂಢಿಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು; ಒಂದು ಬೈಟ್ ಎಂದರೆ 8 ಬಿಟ್. ಎರಡು ಸಾವಿರ ಸಂಕೇತಗಳ ಒಂದು ಪುಟ 6 ಸಾವಿರ ಬೈಟ್ ಆದೀತು. ಚಿತ್ರಗಳ ಮಾತು ಬೇರೆ. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್, ಅಂದರೆ 1 ಕೋಟಿ 20 ಲಕ್ಷ ಚುಕ್ಕೆಗಳ ಫೋಟೊ ಡಿಸ್ಕಿನ ಮೇಲೆ ಮೂರು ನಾಲ್ಕು ಎಂಬಿ ಇರಬಹುದು, ಆದರೆ ಅಲ್ಲಿ ಅದು ಅಡಕವಾಗಿ ಕುಳಿತಿರುತ್ತದೆ. ತೆರೆದ ಕೂಡಲೇ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಬಣ್ಣಗಳ ಒಂದೊಂದು ಬೈಟ್ ಬೇಕಾಗಿ, ಮೆಮೊರಿಯಲ್ಲಿ ಕನಿಷ್ಠ 36 ಎಂಬಿ ಹರಡಿಕೊಳ್ಳುತ್ತದೆ. ವಿಜಯಪುರದಲ್ಲಿ ಮದುವೆಯ ಆಲ್ಬಂ ಮಾಡುವ ಗೆಳೆಯರೊಬ್ಬರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದೆ. 12 ಇಂಚು ಎತ್ತರ, 36 ಇಂಚು ಅಗಲದ ಆಲ್ಬಂ ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಸಿದ್ಧಮಾಡಿದರೆ 3 ಕೋಟಿ 88 ಲಕ್ಷ ಚುಕ್ಕೆಗಳಾಗುತ್ತವೆ. ಪೂರ್ತಿ ಹರಡಿದ ಒಂದು ಪದರಕ್ಕೆ 11 ಕೋಟಿ 66 ಲಕ್ಷ ಬೈಟ್ ಬೇಕು. ಹಿನ್ನೆಲೆ, ಹೂವಿನ ಅಂಚು, ವಧೂವರರ ಚಿತ್ರ, ಅಕ್ಷರ ಎಂದು ಹತ್ತು ಪದರ ಸೇರಿಸುವಷ್ಟರಲ್ಲಿ ಒಂದು ಹಾಳೆಯೇ 1 ಜಿಬಿ, ಅಂದರೆ ಸುಮಾರು 107 ಕೋಟಿ ಬೈಟ್, ಮೀರಬಲ್ಲದು. ಮಾಡಿದ್ದನ್ನು ರದ್ದು ಮಾಡಲು ಉಳಿಸಿಕೊಳ್ಳುವ ಹಿಂದಿನ ಹಂತಗಳು ಅದಕ್ಕೆ ಬೇರೆ. ಅವರಿಗೆ 32 ಜಿಬಿ ಅತಿ ಎನ್ನಿಸುವುದಿಲ್ಲ. ಅದೇ ಯಂತ್ರವನ್ನು ಪತ್ರ ಬರೆಯುವ, ಬಿಲ್ ಕಟ್ಟುವ, ಪಾಠದ ವಿಡಿಯೊ ನೋಡುವ ಮನೆಗೆ ಮಾರುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಬಳಸದ ಜಿಬಿಗೆ ಹಣ ತೆರುವ ಕಾಲ ಇದಲ್ಲ.

ಹಾಗಾದರೆ ಆ ತಾಯಿಗೆ ಏನು ಹೇಳುವುದು? ನಾನು ಮೊದಲು ಅವರ ಹಳೆಯ ಕಂಪ್ಯೂಟರನ್ನೇ ಕೇಳೋಣ ಎಂದೆ. ಎಂದಿನ ಸಂಜೆಯಂತೆ ತಮ್ಮನ ವಿಡಿಯೊ ಪಾಠ, ಬ್ರೌಸರಿನಲ್ಲಿ ಏಳೆಂಟು ಪುಟ, ತಂದೆಯ ಲೆಕ್ಕದ ಹಾಳೆ, ಎಲ್ಲವನ್ನೂ ತೆರೆಸಿದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿಯನ್ನು ಆರಿಸಿದೆ. ಇಲ್ಲಿ ಶೇಕಡಾವಾರು ಅಂಕಿಯೊಂದನ್ನೇ ಕಂಡು ಗಾಬರಿಯಾಗಬಾರದು. ಹೆಚ್ಚು ಮೆಮೊರಿ ಇದ್ದಲ್ಲಿ ವಿಂಡೋಸ್ ತಾನೂ ಹೆಚ್ಚು ಹರಡಿಕೊಳ್ಳುತ್ತದೆ. ಅವೈಲಬಲ್ ಎಂಬ ಅಂಕಿ ಎಷ್ಟು ಉಳಿದಿದೆ, ಅದೇ ವೇಳೆ ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂಬ ಎರಡನ್ನೂ ಕೂಡಿಸಿ ನೋಡಬೇಕು. ಆ ಯಂತ್ರದಲ್ಲಿ ಇದ್ದ 4 ಜಿಬಿಯಲ್ಲಿ ಉಳಿದದ್ದು ಕಾಲು ಜಿಬಿಯಷ್ಟು, ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿತ್ತು. ಇದು ನಿಜವಾದ ಕೊರತೆ. ಅಷ್ಟೆಲ್ಲ ತೆರೆದ ಮೇಲೂ ಒಂದೂವರೆ ಎರಡು ಜಿಬಿ ಉಳಿದಿದ್ದರೆ, ನಿಧಾನಕ್ಕೆ ಬೇರೆ ಕಾರಣ ಹುಡುಕಬೇಕಿತ್ತು. ಹಾಗೆ ಹುಡುಕಿದಾಗ ಬಹಳ ಸಲ ಸಿಗುವ ಕಾರಣವೆಂದರೆ ಹಳೆಯ ಹಾರ್ಡ್ ಡಿಸ್ಕ್. ಅಂಥಲ್ಲಿ ಮೆಮೊರಿಗಿಂತ ಮೊದಲು ಎಸ್‌ಎಸ್‌ಡಿಗೆ ಹಣ ಹಾಕುವುದು ಲಾಭ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಗೊತ್ತುಮಾಡಿರುವ ಕನಿಷ್ಠ ಮಿತಿ 4 ಜಿಬಿ. ಕನಿಷ್ಠ ಎಂದರೆ ಯಂತ್ರ ಏಳಲು ಸಾಕಾಗುವಷ್ಟು, ಮೂರು ಜನ ಸರದಿಯಲ್ಲಿ ಬಳಸುವ ಮನೆಗೆ ಸಾಲುವಷ್ಟಲ್ಲ. ಇಂದು ಹೊಸದಾಗಿ ಕೊಳ್ಳುವವರು 8ಕ್ಕಿಂತ ಕಡಿಮೆ ಕೊಳ್ಳಬಾರದು. ಹೆಚ್ಚಿನ ಮನೆಗಳಿಗೆ ಈ 8 ಸಾಕು. ಎಂಜಿನಿಯರಿಂಗ್ ಓದುವ ಮಗಳ ವಿಷಯ ಬೇರೆ: ಆಂಡ್ರಾಯ್ಡ್ ಸ್ಟುಡಿಯೊದಂಥ ತಂತ್ರಾಂಶವನ್ನು, ಪರದೆಯ ಮೇಲೆ ಮೊಬೈಲನ್ನೇ ಅನುಕರಿಸುವ ಎಮ್ಯುಲೇಟರ್ ಸಮೇತ ತೆರೆದರೆ 8 ಜಿಬಿ ಏದುಸಿರು ಬಿಡುತ್ತದೆ. ಅವಳಿಗೆ 16 ಎಂದೆ. 32ಕ್ಕೆ ಅವಳ ಬಳಿ ಸದ್ಯ ಕೆಲಸವಿರಲಿಲ್ಲ, ಅದನ್ನು ಅವಳೂ ಒಪ್ಪಿದಳು.

ಲ್ಯಾಪ್‌ಟಾಪ್ ಕೊಳ್ಳುವಾಗ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆಯೇ, ಮೆಮೊರಿ ಕೂರಿಸುವ ಖಾಲಿ ಜಾಗ, ಅಂದರೆ ಸ್ಲಾಟ್, ಇದೆಯೇ ಎಂದು ಕೇಳಲೇಬೇಕು. ಬೆಸೆದಿದ್ದರೆ ಐದು ವರ್ಷದ ಅಗತ್ಯವನ್ನು ಇಂದೇ ಕೊಳ್ಳಬೇಕಾಗುತ್ತದೆ. ಸ್ಲಾಟ್ ಖಾಲಿ ಇದ್ದರೆ ಇಂದು 8 ಕೊಂಡು, ಮುಂದೆ ಅದೇ ಬಗೆಯ ಇನ್ನೊಂದು 8 ಸೇರಿಸಬಹುದು. ಸಮನಾದ ಎರಡು ಮೆಮೊರಿ ಪಟ್ಟಿಗಳಿದ್ದರೆ ಪ್ರೊಸೆಸರ್ ಎರಡು ದಾರಿಯಿಂದ ಒಟ್ಟಿಗೆ ಓದುವುದರಿಂದ ವೇಗವೂ ಹೆಚ್ಚುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ಪರದೆಯ ಕೆಲಸಕ್ಕೂ ಇದೇ ಮೆಮೊರಿಯಲ್ಲಿ ಪಾಲು ಕೇಳುತ್ತದೆ ಎಂಬುದನ್ನು ನೆನಪಿಡಬೇಕು.

ಹಳೆಯ ಯಂತ್ರಕ್ಕೆ ಸೇರಿಸುವವರು ಎರಡು ವಿಚಾರಗಳಲ್ಲಿ ಎಚ್ಚರದಿಂದಿರಬೇಕು. ಮೆಮೊರಿಯ ಬೇರೆ ಬೇರೆ ತಲೆಮಾರುಗಳಾದ ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಅವುಗಳ ಕಚ್ಚು ಇರುವ ಜಾಗವೇ ಬೇರೆ ಬೇರೆ. ಎರಡನೆಯದನ್ನು ನಾನೇ ಅನುಭವಿಸಿದ್ದೇನೆ. ಹಲವು ವರ್ಷಗಳ ಹಿಂದೆ ಬೆಳಗಾವಿಯ ಅಂಗಡಿಯೊಂದರಿಂದ 4 ಜಿಬಿ ತಂದು, ಮೊದಲೇ 2 ಜಿಬಿ ಇದ್ದ ನನ್ನ ಯಂತ್ರಕ್ಕೆ ಹಾಕಿದೆ. ಬಳಕೆಗೆ ಸಿಕ್ಕಿದ್ದು ಸುಮಾರು ಮೂರೂಕಾಲು. ಪಟ್ಟಿ ಕೆಟ್ಟಿದೆಯೆಂದು ತಿಳಿದು ಮರಳಿ ಬೆಳಗಾವಿಗೆ ಹೋದೆ, ಅಲ್ಲಿಯೂ ಕಾರಣ ಹೇಳುವವರಿರಲಿಲ್ಲ. ಕಾರಣ ಇಷ್ಟೇ: ನನ್ನಲ್ಲಿದ್ದದ್ದು 32 ಬಿಟ್ ವಿಂಡೋಸ್. 32 ಬಿಟ್‌ಗಳಿಂದ ಗುರುತಿಸಬಹುದಾದ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296; ಒಂದು ವಿಳಾಸಕ್ಕೆ ಒಂದು ಬೈಟ್‌ನಂತೆ ಸರಿಯಾಗಿ 4 ಜಿಬಿ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮೊದಲಾದ ಉಪಕರಣಗಳ ವಿಳಾಸಕ್ಕೆ ಮೀಸಲು. 64 ಬಿಟ್ ವಿಂಡೋಸ್ ಹಾಕಿದ ದಿನ ಉಳಿದ ಮೆಮೊರಿಯೂ ಕಾಣಿಸಿಕೊಂಡಿತು.

ನವನಗರದ ಆ ಮನೆಯ ಯಂತ್ರದಲ್ಲಿ 64 ಬಿಟ್ ವಿಂಡೋಸ್ ಇತ್ತು, ಒಂದು ಸ್ಲಾಟ್ ಖಾಲಿ ಇತ್ತು. ಅದಕ್ಕೆ ಹೊಂದುವ ಇನ್ನೊಂದು 4 ಜಿಬಿ ಹಾಕಿ, ಅದೇ ಸಂಜೆ ಅವೆಲ್ಲವನ್ನೂ ಮತ್ತೆ ತೆರೆದು ನೋಡಿದೆವು. ಎರಡೂಕಾಲು ಜಿಬಿ ಉಳಿದಿತ್ತು. ತಂದೆ ಲೆಕ್ಕದ ಹಾಳೆಯಿಂದ ಬ್ಯಾಂಕಿನ ಪುಟಕ್ಕೆ ಹೋಗಿ ಮರಳಿ ಬರುವಾಗ ಕಾಯಬೇಕಾಗಲಿಲ್ಲ.

ನಮಸ್ಕಾರ.