ಜೊತೆಗೆ ಕೂತು ಉಣ್ಣುವ ಮಾತು: ಬಿಷಪ್ ಅಜರಯ್ಯ

ಎಲ್ಲರಿಗೂ ನಮಸ್ಕಾರ.

ವಿ.ಎಸ್. ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಪಾದ್ರಿ. ಮಗ ಮದ್ರಾಸಿಗೆ ಹೋಗಿ ಕಾಲೇಜು ಓದಿದರು, ಡಿಗ್ರಿ ಕೈಗೆ ಬರಲಿಲ್ಲ. ಕ್ರೈಸ್ತ ಯುವಕರ ಸಂಘ ವೈಎಂಸಿಎಯಲ್ಲಿ ಕೆಲಸ ಹಿಡಿದು ಊರೂರು ಸುತ್ತಿದರು. ಇದನ್ನೆಲ್ಲ ಬೇಗ ದಾಟಿಬಿಡುತ್ತೇನೆ. ನನಗೆ ಸ್ಕಾಟ್ಲೆಂಡಿನ ಎಡಿನ್‌ಬರೋ ಊರು ತಲುಪುವ ಆತುರ.

1910ರ ಜೂನ್. ಜಗತ್ತಿನ ಪ್ರಾಟೆಸ್ಟೆಂಟ್ ಮಿಷನರಿಗಳ ದೊಡ್ಡ ಸಭೆ. ಸಾವಿರಕ್ಕೂ ಜಾಸ್ತಿ ಪ್ರತಿನಿಧಿಗಳು, ಹೆಚ್ಚಿನವರು ಬಿಳಿಯರು. ಅಲ್ಲಿ ಈ 35 ವರ್ಷದ ಮನುಷ್ಯ ಎದ್ದು ನಿಂತರು. ನೀವು ನಮ್ಮ ಬಡವರಿಗೆ ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ. ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ ಅಂದರು. ಕೆಲವರಿಗೆ ಸಿಟ್ಟು ಬಂತು. ಬರದೆ ಇರುತ್ತಾ? ಊಟ ಹಾಕುವುದು ಬೇರೆ, ಜೊತೆಗೆ ಕೂತು ಉಣ್ಣುವುದು ಬೇರೆ, ಅಲ್ವಾ?

ಎರಡು ವರ್ಷ ಕಳೆದು, 1912ರ ಡಿಸೆಂಬರ್ 29ರಂದು, ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ, ಅಂದರೆ ಬಿಷಪ್ಪರ ಮುಖ್ಯ ಚರ್ಚಿನಲ್ಲಿ, ಅವರಿಗೆ ಬಿಷಪ್ ಪಟ್ಟ ಆಯಿತು. ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಪಂಗಡದ, ಮೊದಲ ಭಾರತೀಯ ಬಿಷಪ್. ವಿರೋಧ ಬಿಳಿಯರಿಂದ ಮಾತ್ರ ಬರಲಿಲ್ಲ. ಅಜರಯ್ಯ ನಾಡಾರ್ ಜಾತಿಯವರು, ಆಗ ಕೀಳು ಅಂತ ಕಾಣುತ್ತಿದ್ದ ಜಾತಿ. ಮೇಲುಜಾತಿಯಿಂದ ಬಂದ ಕ್ರೈಸ್ತರಿಗೂ ಇದು ಸರಿಬರಲಿಲ್ಲ. ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಜಾತಿಯನ್ನು ಯಾರೂ ಬಿಟ್ಟು ಬಂದಿರಲಿಲ್ಲ.

ಅವರಿಗೆ ಸಿಕ್ಕಿದ ಡಯಾಸಿಸ್, ಅಂದರೆ ಬಿಷಪ್ ನೋಡಿಕೊಳ್ಳುವ ಸೀಮೆ, ಡೋರ್ನಕಲ್. ನಿಜಾಮನ ರಾಜ್ಯದ ತೆಲುಗು ಸೀಮೆ. ತಮಿಳು ಮಾತಿನ ಅಜರಯ್ಯ ಕೂತು ತೆಲುಗು ಕಲಿತರು. ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ಮಾಲ, ಮಾದಿಗ ದಲಿತರ ಕೇರಿಗಳಿಗೆ ಹೋದರು. ದೀಕ್ಷಾಸ್ನಾನ ಪಡೆದವರು ತಮ್ಮ ತಲೆಯ ಮೇಲೆ ತಾವೇ ಕೈ ಇಟ್ಟುಕೊಂಡು, ಸುವಾರ್ತೆ (ಯೇಸುವಿನ ಸಂದೇಶ) ಸಾರದಿದ್ದರೆ ನನ್ನ ಗತಿ ಏನು ಅನ್ನಬೇಕಿತ್ತು. ಇದು ಅವರು ಮಾಡಿದ ರೂಢಿ. ಪಾದ್ರಿಯ ಕೆಲಸ ಪಾದ್ರಿಗೆ ಅಂತ ಸುಮ್ನೆ ಕೂರಲು ಯಾರಿಗೂ ಬಿಡಲಿಲ್ಲ.

ಡೋರ್ನಕಲ್‌ನಲ್ಲಿ ಅವರು ಕಟ್ಟಿಸಿದ ಕೆಥೆಡ್ರಲ್ ನೋಡಬೇಕು. ಮಸೀದಿಯ ಥರದ ಗುಮ್ಮಟ, ದೇವಸ್ಥಾನದ ಥರದ ಕಂಬ. ಕೆಲಸ ಎಳೆದು ಎಳೆದು 1939ರಲ್ಲಿ ಪ್ರತಿಷ್ಠೆ ಆಯಿತು. ಗಾಂಧೀಜಿಗೂ ಇವರಿಗೂ ಮತಾಂತರದ ವಿಷಯದಲ್ಲಿ ಹೊಂದಲೇ ಇಲ್ಲ. ಅದು ಇನ್ನೊಂದು ದಿನದ ಮಾತು.

ಅಂಬೇಡ್ಕರ್ ಒಮ್ಮೆ ಇವರನ್ನು ಕೇಳಿದರಂತೆ: ನಾವು ಕ್ರೈಸ್ತರಾದರೆ ಎಲ್ಲಿದ್ದರೂ ಒಂದೇ ಚರ್ಚಿನವರಾಗಿ ಇರುತ್ತೇವಾ, ಜಾತಿಭೇದ ಇರುವುದಿಲ್ಲವಾ? ಅಜರಯ್ಯನವರ ಬಳಿ ಉತ್ತರ ಇರಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ ಅಂದರಂತೆ. ಬೇರೆ ಬೇರೆ ಪಂಗಡದ ಚರ್ಚುಗಳು ಒಂದಾಗಬೇಕು ಅಂತ ಅವರು 1919ರಿಂದಲೇ ಓಡಾಡುತ್ತಿದ್ದರು.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಚರ್ಚು ಅಲ್ವಾ? ಆಗ ಅದು ಆಂಗ್ಲಿಕನ್ನರದು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಎಲ್ಲ ಸೇರಿ ಸಿಎಸ್‌ಐ ಆಯಿತು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಪಟ್ಟವಾಗಿ 32 ವರ್ಷ ಕಳೆದಿತ್ತು. ಸ್ವಂತ ಡಯಾಸಿಸ್ ಇದ್ದ ಭಾರತೀಯ ಆಂಗ್ಲಿಕನ್ ಬಿಷಪ್ ಆಗಲೂ ಅವರೊಬ್ಬರೇ.