ಟ್ರಿಗರ್ ಎಷ್ಟು ಹಗುರ ಅಂತ ಮೊದಲು ಕೇಳಬೇಡಿ

ನಮಸ್ಕಾರ. ಮಾತು ಶುರು ಮಾಡುವ ಮೊದಲು ನಿಮಗೆ ಎರಡು ಶಬ್ದ ಕೇಳಿಸುತ್ತೇನೆ. ನನ್ನ ಮುಂದೆ ಎರಡು ಬೋಲ್ಟ್ ಆಕ್ಷನ್ ರೈಫಲ್ ಇವೆ, ಅಂದರೆ ಬೋಲ್ಟ್ ಅನ್ನುವ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚಿ ತೋಟಾ ತುಂಬುವಂಥವು. ಎರಡೂ ಖಾಲಿ. ತೋಟಾ ಕೂರುವ ಚೇಂಬರ್ ಕಣ್ಣಲ್ಲಿ ನೋಡಿದ್ದೇನೆ, ಬೆರಳು ಹಾಕಿಯೂ ನೋಡಿದ್ದೇನೆ. ತೋಟಾಗಳು ಈ ಕೋಣೆಯಲ್ಲೇ ಇಲ್ಲ. ಈಗ ಮೈಕ್ ಹತ್ತಿರ ಹಿಡಿದು ಒಂದೊಂದರ ಟ್ರಿಗರ್ ಎಳೆಯುತ್ತೇನೆ.

ಇದು ಮೊದಲನೆಯದು. ಕೇಳಿಸಿತಾ? ಟಕ್ ಅನ್ನುವ ಮೊದಲು ಸಣ್ಣಗೆ ಕರಕರ ಅಂದಿತು. ಮರಳು ಸೇರಿದ ಚಿಲಕ ಎಳೆದ ಹಾಗೆ. ಇನ್ನು ಇದು ಎರಡನೆಯದು. ಟಕ್. ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ.

ಯಾವುದು ಹಗುರ ಅನ್ನಿಸಿತು? ಎರಡನೆಯದು, ಅಲ್ವಾ? ಅಲ್ಲ. ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು ಅಂತ ಸ್ಕೇಲ್ ಹಾಕಿ ನೋಡಿದ್ದೇನೆ. ಮೊದಲನೆಯದು 1.1 ಕಿಲೋಗೆ ಬಿಡುತ್ತದೆ, ಎರಡನೆಯದು 1.4 ಕಿಲೋಗೆ. ಆದರೂ ನನ್ನ ಹತ್ತಿರ ಇಬ್ಬರು ಸ್ನೇಹಿತರು ಬಂದು ಎರಡನ್ನೂ ಎಳೆದು ನೋಡಿದಾಗ, ಇಬ್ಬರೂ ಎರಡನೆಯದೇ ಹಗುರ ಅಂದರು. ಇವತ್ತು ನಾನು ಹೇಳಬೇಕಾದ್ದು ಇದೇ. ಹೊಸ ಟ್ರಿಗರ್ ಹಾಕಿಸಬೇಕು ಅಂದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಷ್ಟು ಪೌಂಡ್? ಎಷ್ಟು ಔನ್ಸ್? ಆ ಪ್ರಶ್ನೆ ಕೊನೆಗೆ ಬರಬೇಕು. ಪ್ರತಿ ಸಲ ಒಂದೇ ತರ ಬಿಡುತ್ತದಾ, ಬಿಡಬಾರದ ಹೊತ್ತಲ್ಲಿ ಗಟ್ಟಿಯಾಗಿ ಹಿಡಿದಿರುತ್ತದಾ, ಈ ಎರಡನ್ನು ಮೊದಲು ಕೇಳಬೇಕು.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಬೋಲ್ಟ್ ಮುಚ್ಚಿದಾಗ, ತೋಟಾಕ್ಕೆ ಬಡಿದು ಅದನ್ನು ಹೊತ್ತಿಸುವ ಫೈರಿಂಗ್ ಪಿನ್ನಿನ ಹಿಂದಿನ ತುದಿಯನ್ನು ಒಂದು ಉಕ್ಕಿನ ತುಂಡು ಹಿಡಿದು ನಿಲ್ಲಿಸುತ್ತದೆ. ಅದು ಸಿಯರ್. ಆ ಸಿಯರ್ ಕೆಳಗೆ ಜಾರದ ಹಾಗೆ ಟ್ರಿಗರಿನ ಅಂಚು ಅದಕ್ಕೆ ಊರುಗೋಲಾಗಿ ನಿಂತಿರುತ್ತದೆ. ನೀವು ಬೆರಳಲ್ಲಿ ಎಳೆಯುವುದು ಆ ಊರುಗೋಲನ್ನು. ಅದು ಸರಿದ ಕ್ಷಣ ಸಿಯರ್ ಬೀಳುತ್ತದೆ, ಪಿನ್ ಮುಂದೆ ನುಗ್ಗುತ್ತದೆ, ಗುಂಡು ಹಾರುತ್ತದೆ. ಸಾಮಾನ್ಯ ಟ್ರಿಗರಿನಲ್ಲಿ ಈ ಎರಡು ಅಂಚು ಒಂದರ ಮೇಲೊಂದು ಕೂತಿರುವುದು ಅರ್ಧ ಮಿಲಿಮೀಟರ್ ಆಸುಪಾಸು. ಉಗುರಿನ ದಪ್ಪ ಅಂದುಕೊಳ್ಳಿ.

ಆ ಅರ್ಧ ಮಿಲಿಮೀಟರ್ ದಾರಿಯಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜಿಕೊಂಡು ಹೋಗುವುದು ಬೆರಳಿಗೆ ಗೊತ್ತಾದರೆ ಅದಕ್ಕೆ ಕ್ರೀಪ್ ಅನ್ನುತ್ತಾರೆ. ಗುರಿ ಕೆಡಿಸುವುದು ಅದು. ನೀವು ಎಳೆಯುತ್ತೀರಿ, ಸ್ವಲ್ಪ ಸರಿಯುತ್ತದೆ, ನಿಲ್ಲುತ್ತದೆ. ಈಗ ಬಿಡುತ್ತದಾ? ಇಲ್ಲ. ಇನ್ನೂ ಸ್ವಲ್ಪ. ಈ ಅನುಮಾನದಲ್ಲೇ ಭುಜ ಬಿಗಿಯಾಗುತ್ತದೆ, ಉಸಿರು ತಪ್ಪುತ್ತದೆ, ಕೊನೆಗೆ ಸಾಕಪ್ಪ ಅಂತ ಒಂದೇ ಸಲ ಎಳೆದುಬಿಡುತ್ತೀರಿ. ದುರ್ಬೀನಿನಲ್ಲಿ ಗುರಿ ತೋರಿಸುವ ಕ್ರಾಸ್‌ಹೇರ್ ಎಲ್ಲೋ ಹೋಗಿರುತ್ತದೆ. ಒಳ್ಳೆಯ ಟ್ರಿಗರ್ ನಿಮ್ಮ ಬ್ಯಾರೆಲನ್ನು ಒಳ್ಳೆಯದು ಮಾಡುವುದಿಲ್ಲ. ಆ ಬ್ಯಾರೆಲ್ ಮಾಡಬಲ್ಲ ಕೆಲಸವನ್ನು ನೀವು ಕೆಡಿಸದ ಹಾಗೆ ನೋಡಿಕೊಳ್ಳುತ್ತದೆ. ಬಿಟ್ಟ ಮೇಲೂ ಟ್ರಿಗರ್ ಹಿಂದಕ್ಕೆ ಓಡಿದರೆ ಅದು ಓವರ್‌ಟ್ರಾವೆಲ್. ಅದೂ ಇರಬಾರದು, ಆದರೆ ಕ್ರೀಪಿನಷ್ಟು ಕಾಟ ಕೊಡುವುದಿಲ್ಲ.

ಈಗ ತೂಕ. ಒಂದು ಪೌಂಡ್ ಅಂದರೆ 454 ಗ್ರಾಂ, ಅದರಲ್ಲಿ 16 ಔನ್ಸ್. ನಾನು ಮೊದಲ ಸಲ ಟ್ರಿಗರ್ ಬದಲಾಯಿಸಿದಾಗ ಅದನ್ನು 12 ಔನ್ಸಿಗೆ ಇಳಿಸಿದ್ದೆ. ಸುಮಾರು 340 ಗ್ರಾಂ. ಯಾರೂ ಹೇಳಿಕೊಟ್ಟಿರಲಿಲ್ಲ, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನಾನೇ ನಂಬಿದ್ದೆ. ಬೆಂಚಿನ ಮೇಲೆ ಕೂತು ಹೊಡೆಯುವಾಗ ಸ್ವರ್ಗ. ಚಳಿಗಾಲ ಬಂತು. ಒಂದು ಬೆಳಿಗ್ಗೆ ಶೂಟಿಂಗ್ ರೇಂಜಿನಲ್ಲಿ ಕೈಗವಸು ಹಾಕಿಕೊಂಡು ಮಲಗಿದ್ದೆ. ರೈಫಲ್ ಇನ್ನೂ ಭುಜಕ್ಕೆ ಸರಿಯಾಗಿ ಕೂತಿರಲಿಲ್ಲ. ಬೆರಳು ಟ್ರಿಗರಿನ ಮೇಲಿದೆ ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಢಂ ಅಂತು. ಟಾರ್ಗೆಟ್ಟಿಗಿಂತ ತುಂಬಾ ಮುಂಚೆ, ನೆಲದಲ್ಲಿ ಮಣ್ಣು ಚಿಮ್ಮಿತು. ಬ್ಯಾರೆಲ್ ಸುರಕ್ಷಿತ ದಿಕ್ಕಿಗೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಬೋಲ್ಟ್ ತೆಗೆಯುವಾಗ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ. ತಪ್ಪು ಟ್ರಿಗರಿನದಲ್ಲ. ಸಿದ್ಧವಾಗುವ ಮೊದಲೇ ಬೆರಳು ಒಳಗಿಟ್ಟಿದ್ದು ನನ್ನ ತಪ್ಪು. ಆ ತೂಕ ಆ ಕೆಲಸಕ್ಕೆ ಆರಿಸಿದ್ದೂ ನನ್ನ ತಪ್ಪು.

ಆದ್ದರಿಂದ ನನ್ನ ಅಳತೆ ಹೀಗಿದೆ. ರೈಫಲ್ ಹೊತ್ತು ನಡೆಯುವವರು, ಬೇಟೆಗೆ ಹೋಗುವವರು, ಚಳಿಯಲ್ಲಿ ಇರುವವರು, ಎರಡೂವರೆಯಿಂದ ಮೂರೂವರೆ ಪೌಂಡ್ ಇಟ್ಟುಕೊಳ್ಳಿ. ಅಂದರೆ ಸುಮಾರು 1.1ರಿಂದ 1.6 ಕಿಲೋ. ರೇಂಜಿನಲ್ಲಿ ಮಲಗಿ ದೂರದ ಟಾರ್ಗೆಟ್ ಹೊಡೆಯುವವರಿಗೆ ಒಂದೂವರೆ ಪೌಂಡ್ ಸಾಕು. ಔನ್ಸ್ ಲೆಕ್ಕ ಬೆಂಚ್‌ರೆಸ್ಟ್, ಅಂದರೆ ಮೇಜಿಗೆ ಊರಿ ಗುರಿ ಹೊಡೆಯುವ ಆಟ, ಆಡುವವರಿಗೆ ಬಿಡಿ. ಅವರ ರೈಫಲ್ ಮೇಜಿನ ಮೇಲೆ ಕೂತಿರುತ್ತದೆ, ಎಲ್ಲ ಸಿದ್ಧವಾದ ಮೇಲೇ ಬೋಲ್ಟ್ ಮುಚ್ಚುತ್ತಾರೆ. ಸ್ಪರ್ಧೆಗೆ ಹೋಗುವವರಾದರೆ ಮೊದಲು ನಿಯಮ ಓದಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1500 ಗ್ರಾಂ ಇರಲೇಬೇಕು. ಅಲ್ಲಿ ನಿಮ್ಮ ಹಗುರ ಟ್ರಿಗರ್ ತೂಕ ನೋಡುವ ಮೇಜನ್ನೇ ದಾಟುವುದಿಲ್ಲ.

ಇನ್ನೊಂದು ಆಯ್ಕೆ ಇದೆ. ಸಿಂಗಲ್ ಸ್ಟೇಜಾ, ಟೂ ಸ್ಟೇಜಾ? ಇದನ್ನು ನಾನು ತೂಕಕ್ಕಿಂತ ದೊಡ್ಡ ಪ್ರಶ್ನೆ ಅಂತ ನೋಡುತ್ತೇನೆ.

ಸಿಂಗಲ್ ಸ್ಟೇಜ್ ಅಂದರೆ ಬೆರಳಿಗೆ ಮೊದಲೇ ಗೋಡೆ ಸಿಗುತ್ತದೆ. ಒತ್ತಡ ಏರುತ್ತಾ ಹೋಗುತ್ತದೆ, ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತದೆ. ಟೂ ಸ್ಟೇಜಿನಲ್ಲಿ ಮೊದಲು ಒಂದಷ್ಟು ದೂರ ಮೆತ್ತಗೆ ಬರುತ್ತದೆ, ಆಮೇಲೆ ಗೋಡೆ. ಮಾಸರ್ 98, ಲೀ ಎನ್‌ಫೀಲ್ಡ್ ಮೊದಲಾದ ಹಳೆಯ ಸೈನ್ಯದ ರೈಫಲ್‌ಗಳಲ್ಲಿ ಇದ್ದದ್ದು ಇದೇ. ಕಾರಣ ಸುಲಭ. ಸೈನಿಕನ ರೈಫಲ್ ಬೀಳುತ್ತದೆ, ಬಡಿಯುತ್ತದೆ. ಹಾಗಾಗಿ ಸಿಯರ್ ತುಂಬಾ ಆಳವಾಗಿ ಕೂತಿರಬೇಕು. ಆದರೆ ಅಷ್ಟು ಆಳ ಇದ್ದರೆ ಎಳೆಯುವಾಗ ಕ್ರೀಪ್. ಅದಕ್ಕೆ ಮೊದಲ ಹಂತದಲ್ಲಿ ಆ ಆಳವನ್ನು ಬಹುಪಾಲು ಬಿಡಿಸಿ, ಎರಡನೇ ಹಂತಕ್ಕೆ ಚೂರೇ ಚೂರು ಉಳಿಸುತ್ತಾರೆ. ಒಳ್ಳೆಯ ಯೋಚನೆ. ಇವತ್ತಿಗೂ ನನಗೆ ಇದರ ಮೇಲೆ ಗೌರವ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಗವಸು ಹಾಕುವವರು ಟೂ ಸ್ಟೇಜ್ ತೆಗೆದುಕೊಳ್ಳಿ. ನಿಂತೋ ಕೂತೋ ಹೊಡೆಯುವವರೂ ಅಷ್ಟೇ. ಬೆರಳು ಟ್ರಿಗರಿನ ಮೇಲೆ ಬಂದಿದೆ, ಇನ್ನು ಗೋಡೆ ಬರುತ್ತದೆ ಅಂತ ನಿಮಗೆ ಮೊದಲೇ ತಿಳಿಯುತ್ತದೆ. ಆ ಚಳಿಗಾಲದ ಬೆಳಿಗ್ಗೆ ನನ್ನ ರೈಫಲಿನಲ್ಲಿ ಟೂ ಸ್ಟೇಜ್ ಇದ್ದಿದ್ದರೆ ಬೆರಳಿಗೆ ಒಂದು ಎಚ್ಚರಿಕೆಯಾದರೂ ಸಿಗುತ್ತಿತ್ತು. ಬೆಂಚಿನ ಮೇಲೆ ಹೊಡೆಯುವವರಿಗೆ ಸಿಂಗಲ್ ಸ್ಟೇಜ್ ಚೆನ್ನ. ಒಂದೇ ಮಾತು, ನಿಮ್ಮ ಹತ್ತಿರ ಎರಡು ಮೂರು ರೈಫಲ್ ಇದ್ದರೆ ಎಲ್ಲಕ್ಕೂ ಒಂದೇ ಜಾತಿ ಹಾಕಿ. ಬೆರಳಿಗೆ ದಿನಕ್ಕೊಂದು ಭಾಷೆ ಕಲಿಸಬೇಡಿ.

ಇನ್ನು ಟ್ರಿಗರ್ ಮಾಡುವವರ ಹೆಸರುಗಳು. ಟಿಮ್ನಿ 1946ರಿಂದ ಟ್ರಿಗರ್ ಮಾಡುತ್ತಾ ಬಂದಿರುವ ಅಮೆರಿಕದ ಕಂಪನಿ. ಹಳೆಯ ಮಾಸರ್‌ನಿಂದ ಹಿಡಿದು ಎಷ್ಟೋ ರೈಫಲ್‌ಗಳಿಗೆ ಅವರ ಹತ್ತಿರ ಟ್ರಿಗರ್ ಸಿಗುತ್ತದೆ. ಕೆನಡಾದ ಟ್ರಿಗರ್‌ಟೆಕ್ ಬೇರೆ ದಾರಿ ಹಿಡಿದಿದೆ. ಸಿಯರ್ ಮತ್ತು ಟ್ರಿಗರ್ ನಡುವೆ ಒಂದು ಸಣ್ಣ ರೋಲರ್ ಇಟ್ಟಿದ್ದಾರೆ. ಉಕ್ಕು ಉಕ್ಕಿಗೆ ಉಜ್ಜುವ ಬದಲು ಉರುಳುತ್ತದೆ. ನಾನು ಆಗ ಕೇಳಿಸಿದ ಎರಡನೇ ಶಬ್ದ ಇಂಥದ್ದೇ ಒಂದು ರೋಲರ್ ಟ್ರಿಗರಿನದು. ಸಿಯರ್ ಆಳ ಕಡಿಮೆ ಮಾಡದೆ ಕ್ರೀಪ್ ಕಳೆಯುವ ಈ ಉಪಾಯ ನನಗೆ ತುಂಬಾ ಹಿಡಿಸಿತು. ಬೆಂಚ್‌ರೆಸ್ಟ್ ಜನಕ್ಕೆ ಜುವೆಲ್ ಟ್ರಿಗರ್ ಅಂದರೆ ಪ್ರಾಣ, ಔನ್ಸ್ ಲೆಕ್ಕದಲ್ಲಿ ಇಳಿಯುತ್ತದೆ. ಆದರೆ ಅದು ಧೂಳು ತಡೆಯುವುದಿಲ್ಲ, ಕೆಸರಿಗೆ ತೆಗೆದುಕೊಂಡು ಹೋಗುವ ವಸ್ತುವಲ್ಲ. ಟೂ ಸ್ಟೇಜ್ ಬೇಕೆಂದರೆ ಗೈಸ್ಲಿ ಇದೆ.

ಧೂಳಿನ ಮಾತು ಬಂತು, ಹೇಳಿಬಿಡುತ್ತೇನೆ. ಟ್ರಿಗರ್ ಒಳಗೆ ಎಣ್ಣೆ ಸುರಿಯಬೇಡಿ. ಗಟ್ಟಿ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಚಳಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಸಿಯರ್ ಮೇಲೇಳುವುದು ನಿಧಾನವಾದರೆ ಬೋಲ್ಟ್ ಮುಚ್ಚಿದಾಗ ಪಿನ್ನನ್ನು ಹಿಡಿಯುವವರೇ ಇರುವುದಿಲ್ಲ. ಬ್ಯಾರೆಲ್ ತೊಳೆಯುವಾಗ ಹಿಂದಿನಿಂದ ಸೋರುವ ಸಾಲ್ವೆಂಟ್ ಕೂಡ ನೇರ ಅಲ್ಲಿಗೇ ಇಳಿಯುತ್ತದೆ. ರೈಫಲಿನ ಮೂತಿ ಸ್ವಲ್ಪ ಕೆಳಗೆ ಮಾಡಿ ತೊಳೆಯಿರಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಹಾಕಿದ ಮೇಲೆ ಪರೀಕ್ಷೆ ಮಾಡುವುದು.

2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ಎಕ್ಸ್‌ಮಾರ್ಕ್ ಪ್ರೊ ಟ್ರಿಗರ್ ಇದ್ದ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಯಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು. ಜೋಡಿಸುವಾಗ ಬಳಸಿದ ಅಂಟು ಕೆಲವದರಲ್ಲಿ ಜಾಸ್ತಿಯಾಗಿ, ತಾನಾಗಿಯೇ ಗುಂಡು ಹಾರುವ ಸಾಧ್ಯತೆ ಇತ್ತು. ಯೋಚನೆ ಮಾಡಿ. ಯಂತ್ರ, ತಪಾಸಣೆ ಎಲ್ಲ ಇರುವ ಕಾರ್ಖಾನೆಯಲ್ಲಿ ಒಂದು ಹನಿ ಅಂಟಿನಿಂದ ಇಷ್ಟಾದರೆ, ಮನೆಯ ಮೇಜಿನ ಮೇಲೆ ಸ್ಕ್ರೂ ತಿರುಗಿಸುವ ನಾವು ಎಷ್ಟು ಎಚ್ಚರದಿಂದ ಇರಬೇಕು?

ನಾನು ಮಾಡುವುದು ಹೀಗೆ. ಖಾಲಿ ರೈಫಲ್, ಮತ್ತೊಮ್ಮೆ ನೋಡಿ ಖಾಲಿ. ಕಾಕ್ ಮಾಡಿ, ಅಂದರೆ ಪಿನ್ ಸಿಯರಿಗೆ ಸಿಕ್ಕಿ ನಿಲ್ಲುವ ಹಾಗೆ ಬೋಲ್ಟ್ ಎಳೆದು ಮುಚ್ಚಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ತೆಗೆದು, ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿ, ರೈಫಲಿನ ಹಿಂಬದಿಯನ್ನು ಗೇಣೆತ್ತರದಿಂದ ಕುಟ್ಟುತ್ತೇನೆ. ಹತ್ತು ಸಲ. ಪಿನ್ ಬೀಳಬಾರದು. ಆಮೇಲೆ ಬೋಲ್ಟನ್ನು ಸಿಟ್ಟು ಬಂದವರ ಹಾಗೆ ಬಡಿದು ಮುಚ್ಚುತ್ತೇನೆ. ಅದೂ ಹತ್ತು ಸಲ. ಪ್ರತಿ ಸಲವೂ ಕಾಕ್ ಆಗಿಯೇ ಉಳಿಯಬೇಕು. ಆಮೇಲೆ ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಎಳೆದು, ಬೆರಳು ತೆಗೆದು, ಸೇಫ್ಟಿ ತೆಗೆಯುತ್ತೇನೆ. ಇದೂ ಹತ್ತು ಸಲ. ಆಗ ಪಿನ್ ಬಿದ್ದರೆ ಆ ರೈಫಲ್ ಅವತ್ತೇ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಹೋಗುತ್ತದೆ. ಇಪ್ಪತ್ತೊಂಬತ್ತು ಸಲ ಪಾಸಾಗಿ ಒಂದು ಸಲ ಫೇಲಾದರೂ ಅದು ಫೇಲೇ. ಒಂದು ಸಲ ಅಂತ ಬಿಡಬೇಡಿ, ದಯವಿಟ್ಟು.

ಇನ್ನೊಂದು ಸೂಕ್ಷ್ಮ ಇದೆ, ಯಾರೂ ಜಾಸ್ತಿ ಹೇಳುವುದಿಲ್ಲ. ಹೊಸ ಟ್ರಿಗರ್ ಹಾಕಿದ ಮೇಲೆ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಭಾರ ಅನ್ನಿಸಿತಾ? ಟ್ರಿಗರಿನಿಂದ ಟ್ರಿಗರಿಗೆ ಸಿಯರ್ ನಿಲ್ಲುವ ಜಾಗ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಅದು ಬೇಗ ಪಿನ್ನನ್ನು ಹಿಡಿದರೆ, ಉಳಿದ ಸ್ಪ್ರಿಂಗನ್ನು ಮುಚ್ಚುವಾಗ ನೀವು ಒತ್ತಬೇಕಾಗುತ್ತದೆ. ಇದಕ್ಕೆ ಟೈಮಿಂಗ್ ಅನ್ನುತ್ತಾರೆ. ಟ್ರಿಗರ್ ಕೆಟ್ಟದ್ದಲ್ಲ, ರೈಫಲೂ ಕೆಟ್ಟದ್ದಲ್ಲ, ಇಬ್ಬರಿಗೂ ಹೊಂದಾಣಿಕೆ ಆಗಿಲ್ಲ ಅಷ್ಟೇ. ಸಿಯರನ್ನು ನೀವೇ ಅರದಿಂದ ಉಜ್ಜಲು ಹೋಗಬೇಡಿ. ಆ ಅಂಚಿನ ಗಟ್ಟಿ ಪದರ ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ.

ತೂಕ ನೋಡುವಾಗಲೂ ಒಂದು ಸಲ ಎಳೆದು ನಂಬಬೇಡಿ. ಹತ್ತು ಸಲ ಎಳೆದು ಬರೆದಿಡಿ. ನಾನು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಸ್ಟಾಕ್, ಅಂದರೆ ರೈಫಲಿನ ಹಿಡಿ, ಅದರೊಳಗೆ ಮಡಚಿಡುತ್ತೇನೆ. ಸರಾಸರಿ ಎಷ್ಟು ಅನ್ನುವುದಕ್ಕಿಂತ ದೊಡ್ಡ ಅಂಕಿಗೂ ಸಣ್ಣ ಅಂಕಿಗೂ ಎಷ್ಟು ಅಂತರ ಅಂತ ನೋಡಿ. ಸ್ಕೇಲಿನ ಕೊಕ್ಕೆ ಪ್ರತಿ ಸಲ ಒಂದೇ ಜಾಗದಲ್ಲಿ ಇರಲಿ. ನೇರ ಟ್ರಿಗರಿನಲ್ಲಿ ತುದಿಗೆ ಹಾಕಿದರೆ ಹಗುರ ತೋರಿಸುತ್ತದೆ, ಮೇಲೆ ಹಾಕಿದರೆ ಭಾರ ತೋರಿಸುತ್ತದೆ. ಅದು ಸನ್ನೆಕೋಲಿನ ಆಟ.

ಕೊನೆಯದಾಗಿ, ನಿಮಗೆ ಹೊಸ ಟ್ರಿಗರ್ ಬೇಕೇ ಬೇಕಾ? ರೈಫಲ್ ಕಂಪನಿ ಸ್ಯಾವೇಜ್‌ನವರು 2000ದ ದಶಕದ ಶುರುವಿನಲ್ಲಿ ಅಕ್ಯುಟ್ರಿಗರ್ ಅನ್ನುವ ತಮ್ಮ ಟ್ರಿಗರ್ ತಂದ ಮೇಲೆ ಕಾರ್ಖಾನೆ ಟ್ರಿಗರ್‌ಗಳೂ ತುಂಬಾ ಸುಧಾರಿಸಿವೆ. ಟಿಕ್ಕಾ ಟಿ3ಎಕ್ಸ್ ರೈಫಲ್ ಇದ್ದವರು ಒಂದು ಸ್ಕ್ರೂ ತಿರುಗಿಸಿದರೆ ಒಂದು ಕಿಲೋವರೆಗೆ ಇಳಿಸಬಹುದು, ಅದೂ ಕ್ರೀಪ್ ಇಲ್ಲದೆ. ಅಂಥ ರೈಫಲಿಗೆ ಮತ್ತೆ ದುಡ್ಡು ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಅಂದ ಹಾಗೆ. ಇರುವುದನ್ನು ಮೊದಲು ಸ್ವಚ್ಛ ಮಾಡಿ. ಪುಸ್ತಿಕೆಯಲ್ಲಿ ಹೇಳಿದ ಮಿತಿಯೊಳಗೆ ಹೊಂದಿಸಿ. ಒಂದು ತಿಂಗಳು ದಿನಾ ಇಪ್ಪತ್ತು ಸಲ ಖಾಲಿ ಎಳೆದು ಅಭ್ಯಾಸ ಮಾಡಿ. ಆಮೇಲೂ ಬೆರಳಿಗೆ ಕರಕರ ಸಿಗುತ್ತಿದ್ದರೆ ಆಗ ಬದಲಾಯಿಸಿ.

ಬದಲಾಯಿಸಿದರೆ ಹಳೆಯದನ್ನು ಎಸೆಯಬೇಡಿ. ಪಿನ್, ಸ್ಪ್ರಿಂಗ್ ಸಮೇತ ಒಂದು ಡಬ್ಬಿಗೆ ಹಾಕಿ, ಯಾವ ರೈಫಲಿನದು ಅಂತ ಮೇಲೆ ಬರೆದಿಡಿ. ಹೊಸದು ಎಂದಾದರೂ ಆ ಮ್ಯಾಟ್ ಪರೀಕ್ಷೆಯಲ್ಲಿ ಫೇಲಾದರೆ ಅದು ಮತ್ತೆ ಬೇಕಾಗುತ್ತದೆ. ನನ್ನದು ಈ ಮೇಜಿನ ಖಾನೆಯಲ್ಲೇ ಇದೆ.